ಅಡಿಕೆಯ ಕೋಲ್ಮನ್ ಮತ್ತು ನಮ್ಮ ದಾಳಿಂಬೆ

ಸೂಕ್ಷ್ಮಾಣು ವಿಜ್ಞಾನದ ಇತಿಹಾಸ ಅಂದ ಕೂಡಲೇ ಲೂಯಿ ಪಾಶ್ಚರ್, ರಾಬರ್ಟ್ ಕಾಕ್ ಹೆಸರು ನೆನಪಾಗುತ್ತವೆ. ತೋಟಗಾರಿಕೆ ಪದವಿ ಓದುವಾಗ ನಾವೂ ಅವನ್ನೇ ಬಾಯಿಪಾಠ ಮಾಡಿದವರು. ಆದರೆ ಕನ್ನಡನಾಡಿನ ರೈತರು ಮೊದಲು ನೆನೆಯಬೇಕಾದ ಹೆಸರು ಲೆಸ್ಲಿ ಕೋಲ್ಮನ್ ಅಂತ ನನಗನಿಸುತ್ತದೆ.

ಕೋಲ್ಮನ್ ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದರು. ಮಲೆನಾಡಿನಲ್ಲಿ ಆಗ ಮಳೆ ಹಿಡಿದರೆ ಸಾಕು, ಅಡಿಕೆಯ ಎಳೆಗಾಯಿ ಕೊಳೆತು ಉದುರುತ್ತಿದ್ದವು. ಬೆಳೆಗಾರರೇನೂ ಸುಮ್ಮನೆ ಕೂತಿರಲಿಲ್ಲ. ಮಳೆಗೆ ಮುಂಚೆ ಕೊನೆಗಾರರನ್ನು ಮರ ಹತ್ತಿಸಿ ಗೊನೆಗೆ ಕೊಟ್ಟೆ ಕಟ್ಟಿಸುತ್ತಿದ್ದರು. ಗೊನೆ ತೊಯ್ಯದಿದ್ದರೆ ಕಾಯಿ ಉಳಿಯುತ್ತದೆ ಎಂಬುದು ಅವರ ಅನುಭವ. ಯಾಕೆ ಉಳಿಯುತ್ತದೆ ಎಂಬುದಕ್ಕೆ ಉತ್ತರ ಕೊಟ್ಟದ್ದು ಕೋಲ್ಮನ್ 1910ರಲ್ಲಿ ಪ್ರಕಟಿಸಿದ ವರದಿ. ಕೊಳೆರೋಗದ ಮೂಲ ಫೈಟಾಫ್ತೋರ ಎಂಬ ಸೂಕ್ಷ್ಮಾಣು, ಅದು ಹರಡುವುದು ಮಳೆನೀರಿನಲ್ಲಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿ ಬರ ತಂದದ್ದೂ ಇದೇ ಕುಲದ್ದು.

ಪರಿಹಾರವಾಗಿ ಅವರು ಆರಿಸಿಕೊಂಡದ್ದು ಬೋರ್ಡೋ ದ್ರಾವಣ. ಅದರ ಹುಟ್ಟು ಮಜವಾಗಿದೆ. ಫ್ರಾನ್ಸಿನಲ್ಲಿ ದಾರಿಬದಿಯ ದ್ರಾಕ್ಷಿ ಕಳುವಾಗದಿರಲಿ ಅಂತ ರೈತರು ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಗೆ ಚಿಮುಕಿಸುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು 1882ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದರು. ಕಳ್ಳರಿಗೆ ಹೂಡಿದ ಉಪಾಯ ರೋಗಕ್ಕೆ ಮದ್ದಾಯಿತು!

ಮಲೆನಾಡಿನ ಅಡಿಕೆ ಕತೆ ಕೆರೂರಿನ ಬಯಲಿಗೆ ಯಾಕ್ರೀ ಅಂತೀರಾ? ನಮ್ಮ ದಾಳಿಂಬೆಗಾಗಿ. ಎಲೆ ಮೇಲೆ ಚುಕ್ಕೆ ಕಂಡ ಕೂಡಲೇ ಕಿತ್ತುಕೊಂಡು ಔಷಧಿ ಅಂಗಡಿಗೆ ಓಡುತ್ತೇವೆ. ಅಲ್ಲಿ ಕೊಟ್ಟ ನಾಲ್ಕು ಬಾಟಲಿ ಬೆರೆಸಿ ಹೊಡೆಯುತ್ತೇವೆ. ಚುಕ್ಕೆ ಶಿಲೀಂಧ್ರದ್ದೋ, ದುಂಡಾಣುವಿನದೋ ಕೇಳುವವರು ಕಡಿಮೆ. ದಾಳಿಂಬೆಯನ್ನು ಬುಡಸಮೇತ ಕಿತ್ತು ಹಾಕಿಸಿದ ಅಂಗಮಾರಿ ರೋಗ ದುಂಡಾಣುವಿನದು. ಶಿಲೀಂಧ್ರನಾಶಕ ಎಷ್ಟು ದುಬಾರಿ ಇದ್ದರೂ ಅದಕ್ಕೆ ಉಪಯೋಗವಿಲ್ಲ. ದುಂಡಾಣು ಗಿಡಕ್ಕೂ ರೋಗ ತರಬಲ್ಲದು ಎಂದು ಅಮೆರಿಕದ ಥಾಮಸ್ ಬರ್ರಿಲ್ 1878ರ ಹೊತ್ತಿಗೇ ಪಿಯರ್ ಗಿಡದಲ್ಲಿ (ನಮ್ಮ ಪೇರಲ ಅಲ್ಲ) ಕಂಡುಕೊಂಡಿದ್ದರು. ಯುರೋಪಿನ ಕೆಲವು ಪಂಡಿತರು ಅದನ್ನು ಒಪ್ಪಲು ಇನ್ನೂ ಇಪ್ಪತ್ತು ವರ್ಷ ಜಗಳಾಡಿದರು.

ಗುರುತಿಸುವುದು ಹೇಗೆ? ಎಲೆಯನ್ನು ಬೆಳಕಿಗೆ ಹಿಡಿಯಿರಿ. ಅಂಗಮಾರಿಯ ಎಳೆ ಚುಕ್ಕೆ ನೀರು ನೆನೆದಂತೆ ಕಾಣುತ್ತದೆ, ಆಮೇಲೆ ಕಂದಾಗಿ ಸುತ್ತ ಹಳದಿ ಅಂಚು ಬರುತ್ತದೆ. ಕಾಯಿ ಮೇಲಿನ ಕಪ್ಪು ಕಲೆ ಇಂಗ್ಲಿಷಿನ ‘ವೈ’ ಅಥವಾ ‘ಎಲ್’ ಅಕ್ಷರದಂತೆ ಸೀಳುತ್ತದೆ. ಅನುಮಾನವಿದ್ದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಹಸಿ ಎಲೆ ಒಯ್ಯಿರಿ. ಚುಕ್ಕೆಯ ಅಂಚು ಕತ್ತರಿಸಿ ನೀರಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಾಣುಗಳು ಹೊಗೆಯಂತೆ ಹೊರಬರುವುದು ಕಾಣುತ್ತದೆ. ಐದೇ ನಿಮಿಷದ ಕೆಲಸ.

ಬೋರ್ಡೋದಲ್ಲಿರುವ ತಾಮ್ರ ದುಂಡಾಣುವಿಗೂ ತಡೆ. ಆದರೆ ಒಳಗೆ ಹೊಕ್ಕ ರೋಗವನ್ನು ಅದು ವಾಸಿ ಮಾಡುವುದಿಲ್ಲ. ಅಡಿಕೆಗೆ ಇಂದಿಗೂ ಮೊದಲ ಸಿಂಪಡಣೆ ಮುಂಗಾರಿಗೆ ಮುಂಚೆಯೇ. ದಾಳಿಂಬೆಯಲ್ಲೂ ಸವರಿದ ಕೂಡಲೇ ಶೇ. 1ರ ದ್ರಾವಣ ಹೊಡೆಯಬೇಕು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಹೊಳೆಯುವ ಕುಡುಗೋಲು ಅದ್ದಿ ತೆಗೆದಾಗ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಅವತ್ತು ಮಾಡಿದ್ದು ಅವತ್ತೇ ಮುಗಿಯಬೇಕು. ಎಳೆ ಚಿಗುರು, ಹೂವಿನ ಮೇಲೆ ಬೇಡ, ಸುಡುತ್ತದೆ.

ಸಾವಯವದಲ್ಲಿ ತಾಮ್ರಕ್ಕೆ ಮಿತಿಯಿದೆ. ಪ್ರಮಾಣಪತ್ರ ಇದ್ದವರು ಮೊದಲು ಅನುಮತಿ ಕೇಳಿಕೊಳ್ಳಿ. ವರ್ಷವಿಡೀ ಸುರಿದರೆ ಮಣ್ಣಿನ ಒಳ್ಳೆಯ ಜೀವಿಗಳಿಗೂ ಪೆಟ್ಟು. ಅದಕ್ಕೇ ನಾನು ಸಿಂಪಡಣೆಗಿಂತ ಕತ್ತರಿಗೆ ಹೆಚ್ಚು ಬೆಲೆ ಕೊಡುತ್ತೇನೆ. ರೋಗದ ಟೊಂಗೆ ಕತ್ತರಿಸಿ ತೋಟದಾಚೆ ಸುಡಬೇಕು, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ನೀರಿನಲ್ಲಿ ಅದ್ದಬೇಕು. ಹೊಸ ತೋಟ ಮಾಡುವವರು ಗೂಟಿ ಸಸಿ ತರುವ ಮೊದಲು ತಾಯಿಗಿಡಗಳನ್ನು ಕಣ್ಣಾರೆ ನೋಡಿ ಬನ್ನಿ, ಅದೂ ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಎಲ್ಲಾ ತೋಟವೂ ಚೊಕ್ಕವಾಗೇ ಕಾಣ್ತಾವ್ರಿ.