ಕೋಗಳಿ ಸೀಮೆಯ ರಸ್ತೆಗಳೂ ಜಿಂಕೆಗಳೂ

ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರಾದ ನಾಡು ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಹರಡಿಕೊಂಡಿದೆ. ಮಳೆ ಕಡಮೆ, ಬಯಲು ಹೆಚ್ಚು, ನಡುನಡುವೆ ಕುರುಚಲು ಗುಡ್ಡಗಳು. ಇಂಥ ಒಣಬಯಲು ಕೃಷ್ಣಮೃಗಕ್ಕೆ ಒಪ್ಪುವ ನೆಲೆಯಾಗಿದೆ. ತುಂಗಭದ್ರೆಯ ಆಚೆಗೆ ರಾಣೆಬೆನ್ನೂರಿನಲ್ಲಿ ೧೯೭೪ರಲ್ಲಿ ಈ ಪ್ರಾಣಿಗಾಗಿಯೇ ಅಭಯಾರಣ್ಯವೊಂದು ಏರ್ಪಟ್ಟಿತು. ಆದರೆ ಕೃಷ್ಣಮೃಗವು ಅಭಯಾರಣ್ಯದೊಳಗೆ ಮಾತ್ರ ಇರುವ ಪ್ರಾಣಿಯಲ್ಲ. ಹೊಲ, ಬೀಳು, ಕೆರೆಯಂಗಳಗಳಲ್ಲಿ ಹಿಂಡಾಗಿ ಮೇಯುವುದು ಅದರ ಸ್ವಭಾವ. ಜನರು ಇದನ್ನು ಜಿಂಕೆಯೆಂದೇ ಕರೆಯುತ್ತಾರೆ. ಪ್ರಾಣಿಶಾಸ್ತ್ರಜ್ಞರು ಒಪ್ಪರು: ಜಿಂಕೆಯ ಕವಲುಗೊಂಬು ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುವುದು, ಕೃಷ್ಣಮೃಗದ ತಿರುಚುಗೊಂಬು ಉದುರುವುದಿಲ್ಲ. ರಸ್ತೆಯ ವಿಚಾರದಲ್ಲಿ ಈ ಭೇದ ಮುಖ್ಯವಲ್ಲವಾದುದರಿಂದ ನಾವು ಜನರ ಮಾತನ್ನೇ ಬಳಸುತ್ತೇವೆ.

ಚರಿತ್ರೆಯ ಅಧ್ಯಾಪಕರಿಗೆ ಈ ವಿಷಯವೇಕೆಂದು ಕೆಲವರು ಕೇಳಬಹುದು. ದಾರಿಗಳ ಚರಿತ್ರೆಯೂ ಚರಿತ್ರೆಯೇ. ಎತ್ತಿನ ಬಂಡಿಯ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಬಂಡಿಗೆ ಸಿಕ್ಕಿ ಜಿಂಕೆ ಸತ್ತಿತೆಂದರೆ ಯಾರೂ ನಂಬುತ್ತಿರಲಿಲ್ಲ. ದಾರಿಯು ಹಳೆಯದೇ, ಜಿಂಕೆಯ ಜಾಡೂ ಹಳೆಯದೇ. ಹೊಸದಾಗಿ ಬಂದುದು ವೇಗ.

ಈ ವೇಗವನ್ನು ಲೆಕ್ಕದಿಂದ ನೋಡೋಣ. ಅಪಾಯವನ್ನು ಕಂಡ ಚಾಲಕನ ಕಾಲು ಬ್ರೇಕನ್ನು ಒತ್ತುವುದಕ್ಕೆ ಸುಮಾರು ಒಂದೂವರೆ ಸೆಕೆಂಡು ಬೇಕು. ಒಣಗಿದ ಡಾಂಬರು ರಸ್ತೆಯಲ್ಲಿ, ಬ್ರೇಕು ಸರಿಯಾಗಿದ್ದರೂ, ಗಂಟೆಗೆ ೪೦ ಕಿಲೋಮೀಟರ್ ವೇಗದ ವಾಹನ ನಿಲ್ಲುವಷ್ಟರಲ್ಲಿ ಸುಮಾರು ೨೬ ಮೀಟರ್ ಸಾಗಿರುತ್ತದೆ. ೬೦ ಕಿಲೋಮೀಟರ್ ವೇಗಕ್ಕೆ ೪೫ ಮೀಟರ್, ೮೦ಕ್ಕೆ ೭೦ ಮೀಟರ್. ತಗ್ಗಿಸಿದ ದೀಪದ ಬೆಳಕು ಚೆನ್ನಾಗಿ ಬೀಳುವುದು ಸುಮಾರು ೪೦ ಮೀಟರ್ ಮಾತ್ರ. ಅಂದಮೇಲೆ ೮೦ರ ವೇಗದಲ್ಲಿ ಬರುವವನು ಎಷ್ಟೇ ಜಾಗರೂಕನಾದರೂ ಜಿಂಕೆಯನ್ನು ಕಾಣುವ ವೇಳೆಗೆ ಕಾಲ ಮೀರಿರುತ್ತದೆ. ಜಿಂಕೆಯಾದರೋ ಪ್ರಖರವಾದ ಬೆಳಕಿಗೆ ಕಣ್ಣು ಕತ್ತಲಿಟ್ಟು ನಿಂತುಬಿಡಬಹುದು. ಇಲ್ಲವೆ ಒಂದು ದಾಟಿದೊಡನೆ ಹಿಂಡಿನ ಉಳಿದವು ಅದನ್ನೇ ಹಿಂಬಾಲಿಸುವುವು. ಲಾರಿಗೆ ಬಡಿದರೆ ಜಿಂಕೆ ಸಾಯುತ್ತದೆ. ಮೋಟಾರ್ ಸೈಕಲ್ಲಿಗೆ ಬಡಿದರೆ ಸವಾರನೂ ಸಾಯಬಹುದು. ಬೆಳೆದ ಗಂಡು ಕೃಷ್ಣಮೃಗದ ತೂಕ ೪೦ ಕಿಲೋಗ್ರಾಮಿನ ಆಸುಪಾಸು.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆಗೆ ಅತ್ಯಂತ ದಿಟ್ಟವಾದ ಉತ್ತರ ದೊರೆತದ್ದು ಬಂಡೀಪುರದಲ್ಲಿ. ಕಾಡನ್ನು ಸೀಳಿಕೊಂಡು ವಯನಾಡಿಗೂ ಊಟಿಗೂ ಹೋಗುವ ಎರಡು ಹೆದ್ದಾರಿಗಳಲ್ಲಿ ಚುಕ್ಕೆಜಿಂಕೆ, ಕಡವೆ, ಆನೆಗಳು ಸಾಯುತ್ತಿದ್ದುವು. ೨೦೦೯ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ೯ರಿಂದ ಬೆಳಗಿನ ೬ರವರೆಗೆ ಸಂಚಾರವನ್ನು ನಿಷೇಧಿಸಿದರು. ವಿವಾದವು ಉಚ್ಚ ನ್ಯಾಯಾಲಯಕ್ಕೆ ಹೋಗಿ ೨೦೧೦ರ ಮಾರ್ಚಿಯಲ್ಲಿ ನಿಷೇಧ ಸ್ಥಿರವಾಯಿತು. ತುರ್ತು ವಾಹನಗಳಿಗೂ ಗೊತ್ತುಮಾಡಿದ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ. ವಯನಾಡಿನ ಜನರ ಆಕ್ಷೇಪಣೆಯನ್ನು ಹಗುರವಾಗಿ ಕಾಣಲಾಗದು. ರೋಗಿಗೂ ವ್ಯಾಪಾರಿಗೂ ರಾತ್ರಿಯ ದಾರಿ ಬೇಕಾಗುತ್ತದೆ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಬದಲಿ ದಾರಿಯೊಂದಿದ್ದುದರಿಂದಲೇ ಈ ನಿಷೇಧ ಸಾಧ್ಯವಾಯಿತೆಂದು ನಮ್ಮ ಅಭಿಪ್ರಾಯ.

ಕೋಗಳಿ ಸೀಮೆಗೆ ಈ ಉಪಾಯ ಒಪ್ಪದು. ಬಂಡೀಪುರ ಒಂದು ಕಾಡು, ಅದಕ್ಕೆ ಗೇಟು ಹಾಕಬಹುದು. ಇಲ್ಲಿಯದು ಊರು ಹೊಲಗಳ ಬಯಲು. ಮಧ್ಯಭಾರತದ ಪೆಂಚ್ ಅರಣ್ಯದಲ್ಲಿ ೪೪ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಕಂಬಗಳ ಮೇಲೆ ಎತ್ತಿ ಪ್ರಾಣಿಗಳಿಗೆ ಕೆಳದಾರಿ ಬಿಟ್ಟಿದ್ದಾರೆ. ೨೦೧೯ರಲ್ಲಿ ಅಲ್ಲಿಟ್ಟ ಕ್ಯಾಮೆರಾಗಳಲ್ಲಿ ೧೮ ಜಾತಿಯ ವನ್ಯಪ್ರಾಣಿಗಳು ಕಂಡುಬಂದುವು, ಹೆಚ್ಚಿನವು ಚುಕ್ಕೆಜಿಂಕೆಗಳೇ. ಕೆನಡದ ಬ್ಯಾನ್ಫ್‌ನಲ್ಲಿ ಬೇಲಿಯೂ ಮೇಲ್ದಾರಿ ಕೆಳದಾರಿಗಳೂ ಸೇರಿ ದೊಡ್ಡ ಪ್ರಾಣಿಗಳ ಅಪಘಾತಗಳನ್ನು ಐದರಲ್ಲಿ ನಾಲ್ಕು ಪಾಲು ತಗ್ಗಿಸಿದುವು. ಕೂಡ್ಲಿಗಿಯ ಮೇಲೆ ಹಾದುಹೋಗುವ ೫೦ನೆಯ ಚತುಷ್ಪಥ ಹೆದ್ದಾರಿಯಲ್ಲಿ ಇಂಥದನ್ನು ಯೋಚಿಸಬಹುದು. ಹಳ್ಳಿಯ ರಸ್ತೆಗೆ ಅಷ್ಟು ಹಣ ಯಾರು ಕೊಡುವರು? ಜಿಂಕೆಯ ಚಿತ್ರದ ಫಲಕ ಅಗ್ಗವೇನೋ ಹೌದು. ಆದರೆ ವರ್ಷವೆಲ್ಲ ಒಂದೇ ಕಡೆ ನಿಂತ ಫಲಕವನ್ನು ನಾಲ್ಕನೆಯ ದಿನ ಯಾರೂ ನೋಡುವುದಿಲ್ಲ.

ಉಳಿಯುವ ಮಾರ್ಗ ಒಂದೇ: ಜಿಂಕೆ ದಾಟುವ ಜಾಗವನ್ನೂ ಹೊತ್ತನ್ನೂ ಅರಿತು, ಅಲ್ಲಿ, ಆಗ ವೇಗವನ್ನು ೪೦ಕ್ಕೆ ಇಳಿಸುವುದು. ರಸ್ತೆಯ ಅಂಚಿಗೆ ಒತ್ತಿ ಬೆಳೆದ ಬಳ್ಳಾರಿ ಜಾಲಿಯನ್ನು ಅಂಥ ಕಡೆಗಳಲ್ಲಿ ಸವರಿದರೆ ಹಿಂಡು ಮೊದಲೇ ಕಣ್ಣಿಗೆ ಬೀಳುವುದು. ರಸ್ತೆಯ ಮೇಲೆ ಒಕ್ಕಣೆ ಮಾಡಿದಾಗ ಚೆಲ್ಲಿದ ಕಾಳನ್ನು ಗುಡಿಸಿ ತೆಗೆಯಬೇಕು. ಮಾಘಮಾಸದಲ್ಲಿ ಮೈಲಾರ, ಕೊಟ್ಟೂರು ಜಾತ್ರೆಗಳಿಗೆ ಇರುಳೆಲ್ಲ ವಾಹನಗಳು ಓಡುವುವು. ಆ ದಿನಗಳು ಪಂಚಾಂಗದಲ್ಲಿಯೇ ಇರುವುದರಿಂದ ತಾತ್ಕಾಲಿಕ ಫಲಕವನ್ನೂ ಕಾವಲನ್ನೂ ಮುಂಚೆಯೇ ಏರ್ಪಡಿಸಬಹುದು.

ಜಾಗ ಯಾವುದೆಂಬುದನ್ನು ಗೊತ್ತುಮಾಡುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳು ತಕ್ಕವರು. ಅನೇಕರು ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬರುವವರೇ. ಶಾಸನವನ್ನು ಗುರುತುಹಾಕುವ ಕ್ರಮವೇ ಇಲ್ಲಿಯೂ ಸಾಕು: ತಾರೀಖು, ಹೊತ್ತು, ಕಿಲೋಮೀಟರ್ ಕಲ್ಲಿನ ಸಂಖ್ಯೆ, ಪಕ್ಕದ ಹೊಲದ ಬೆಳೆ, ಸತ್ತ ಅಥವಾ ದಾಟಿದ ಪ್ರಾಣಿ. ಸತ್ತುದನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು. ೧೯೭೨ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಕೃಷ್ಣಮೃಗದ ಮಾಂಸವನ್ನಾಗಲಿ ಕೊಂಬನ್ನಾಗಲಿ ಒಯ್ಯುವುದು ಅಪರಾಧ. ಒಂದು ಮುಂಗಾರು, ಒಂದು ಹಿಂಗಾರು ಬರೆದಿಟ್ಟರೆ ಯಾವ ಕಲ್ಲುಗಳ ನಡುವೆ ರಸ್ತೆ ಉಬ್ಬು ಬೇಕೆಂಬುದನ್ನು ಲೋಕೋಪಯೋಗಿ ಇಲಾಖೆಗೆ ಪಟ್ಟಿಯ ಸಮೇತ ಕೇಳಬಹುದು.