ಮಾಲ್‌ಕೌಂಸ್‌ಗೆ ಡಿಸ್ಕೊ ಬಡಿತ ಕೊಟ್ಟ ಚರಣ್‌ಜಿತ್ ಸಿಂಗ್

ಆ ರೆಕಾರ್ಡಿನಲ್ಲಿ ತಬಲಾ ಇಲ್ಲ, ತಂಬೂರಿ ಇಲ್ಲ, ನಿಧಾನವಾಗಿ ಬೆಳೆಯುವ ಆಲಾಪವೂ ಇಲ್ಲ. ಡಿಸ್ಕೊದ ಸಮ ಏಟುಗಳು ಒಂದೇ ಓಟದಲ್ಲಿ ಬೀಳುತ್ತಿರುತ್ತವೆ. ಅದರಡಿಯಲ್ಲಿ ಬೇಸ್ ಉರುಳುತ್ತದೆ. ಮೇಲೆ ಭೂಪಾಲಿ, ಯಮನ್, ತೋಡಿ, ಮಧುವಂತಿ, ಒಂದೊಂದಕ್ಕೆ ಸುಮಾರು ಐದು ನಿಮಿಷದಂತೆ, ಹತ್ತು ರಾಗಗಳು ಬಂದುಹೋಗುತ್ತವೆ. ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಈ ರೆಕಾರ್ಡನ್ನು ಎಚ್‌ಎಂವಿ ಹೊರತಂದದ್ದು 1982ರಲ್ಲಿ. ನುಡಿಸಿದವರು ಮುಂಬೈಯ ಚರಣ್‌ಜಿತ್ ಸಿಂಗ್. ಆಗ ಅದನ್ನು ಕೇಳಿದವರು ತೀರಾ ಕಡಿಮೆ.

ಸಿಂಗ್ ಹಿಂದಿ ಸಿನಿಮಾದ ವಾದ್ಯಗಾರರು. ಬೇಸ್, ಗಿಟಾರ್, ಎಲೆಕ್ಟ್ರಾನಿಕ್ ಕೀಲಿಮಣೆ, ಯಾವುದು ಬೇಕೋ ಅದನ್ನು ನುಡಿಸುತ್ತಿದ್ದರು. ಆರ್.ಡಿ. ಬರ್ಮನ್ ಸೇರಿದಂತೆ ಆ ಕಾಲದ ದೊಡ್ಡ ಸಂಗೀತ ನಿರ್ದೇಶಕರೊಂದಿಗೆ ಕೆಲಸ ಮಾಡಿದ್ದರು. ಚಿತ್ರಗೀತೆಗಳನ್ನು ವಾದ್ಯದಲ್ಲೇ ನುಡಿಸಿದ ರೆಕಾರ್ಡುಗಳನ್ನೂ ತಂದಿದ್ದರು, ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾವನ್ನೂ ನಡೆಸುತ್ತಿದ್ದರು. ಸಿನಿಮಾ ಹಾಡು ಕೇಳುವವರಿಗೆ ಗಾಯಕರ ಹೆಸರು ಗೊತ್ತು, ಸಂಗೀತ ನಿರ್ದೇಶಕರ ಹೆಸರು ಗೊತ್ತು. ಹಾಡಿನ ಬೆನ್ನೆಲುಬಾದ ಬೇಸ್ ನುಡಿಸಿದವರು ಯಾರೆಂದು ಕೇಳುವವರಿಲ್ಲ. ಸಿಂಗ್ ಅವರ ಬಹುಪಾಲು ಬದುಕು ಹಾಗೆ ಹೆಸರಿಲ್ಲದೆಯೇ ಕಳೆಯಿತು.

ಅದು ಡಿಸ್ಕೊ ಜ್ವರದ ಕಾಲ. 1980ರ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಹಾಡು ದೇಶವನ್ನೇ ಕುಣಿಸಿತ್ತು. ಅದರ ಸಂಗೀತ ಬಿಡ್ಡು ಅವರದು, ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಕೊಡವ. ಸಿನಿಮಾದವರೆಲ್ಲ ಡಿಸ್ಕೊ ತಾಳಕ್ಕೆ ಹಾಡು ಹೊಸೆಯುತ್ತಿದ್ದಾಗ, ಅದೇ ತಾಳಕ್ಕೆ ರಾಗವನ್ನೇ ಕೂರಿಸಿದರೆ ಹೇಗೆ ಎಂದು ಸಿಂಗ್ ಪ್ರಯೋಗಕ್ಕಿಳಿದರು.

ಅವರ ಬಳಿ ಇದ್ದವು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು. ಟಿಆರ್-808 ತಾಳ ಹಾಕುವ ಯಂತ್ರ. ಜುಪಿಟರ್-8 ಒಮ್ಮೆಗೆ ಎಂಟು ಸ್ವರ ಹೊರಡಿಸಬಲ್ಲ ದುಬಾರಿ ಸಿಂಥಸೈಜರ್. ತಂತಿ, ತೊಗಲು, ಗಾಳಿ ಯಾವುದರ ಹಂಗೂ ಇಲ್ಲದೆ ವಿದ್ಯುತ್ತಿನ ಏರಿಳಿತದಿಂದಲೇ ನಾದ ಹುಟ್ಟಿಸುವ ವಾದ್ಯ ಅದು. ಮೂರನೆಯದು ಟಿಬಿ-303, ಬೆಳ್ಳಿ ಬಣ್ಣದ ಪುಟ್ಟ ಪೆಟ್ಟಿಗೆ. ಒಬ್ಬರೇ ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಬೇಸ್ ಗಿಟಾರಿನ ಜೊತೆ ಸಿಗಲಿ ಎಂದು ಮಾಡಿದ್ದು. ಆದರೆ ಅದರ ದನಿ ಬೇಸ್ ಗಿಟಾರಿಗೆ ಹತ್ತಿರವೂ ಬರಲಿಲ್ಲ. ಅದಕ್ಕೆ ನುಡಿ ಕಲಿಸುವುದೂ ತ್ರಾಸದ ಕೆಲಸ. ಮೊದಲು ಸ್ವರಗಳನ್ನು ಒಂದೊಂದಾಗಿ ಒತ್ತಿ ತುಂಬಬೇಕು, ಆಮೇಲೆ ಅವುಗಳ ಕಾಲವನ್ನು ಬೇರೆಯಾಗಿ ತುಂಬಬೇಕು. ಒಂದು ಆವರ್ತಕ್ಕೆ ಹೆಚ್ಚೆಂದರೆ 16 ಹೆಜ್ಜೆ. ಕೊಳ್ಳುವವರಿಲ್ಲದೆ 1984ರಲ್ಲಿ ಕಂಪನಿ ಅದರ ತಯಾರಿಯನ್ನೇ ನಿಲ್ಲಿಸಿತು.

ಆ ಪೆಟ್ಟಿಗೆಯಲ್ಲಿ ಒಂದು ಗುಂಡಿ ಇತ್ತು. ಅದನ್ನು ಒತ್ತಿ ಸ್ವರ ತುಂಬಿದರೆ ಯಂತ್ರ ಒಂದು ಸ್ವರದಿಂದ ಮುಂದಿನದಕ್ಕೆ ಹಾರುವುದಿಲ್ಲ, ಜಾರುತ್ತದೆ. ಕರ್ನಾಟಕ ಸಂಗೀತದವರು ಜಾರು ಎನ್ನುವ, ಹಿಂದೂಸ್ತಾನಿಯವರು ಮೀಂಡ್ ಎನ್ನುವ ಚಲನೆಗೆ ಯಂತ್ರಲೋಕದಲ್ಲಿ ಸಿಗುವ ಹತ್ತಿರದ ನೆಂಟ ಅದು. ಕೀಲಿಮಣೆಯ ವಾದ್ಯಗಳ ಮೇಲೆ ನಮ್ಮವರಿಗಿದ್ದ ದೊಡ್ಡ ದೂರೇ ಇದು: ಸ್ವರಗಳ ನಡುವಿನ ದಾರಿ ಅವುಗಳಲ್ಲಿಲ್ಲ. ಇದೇ ಬಗೆಯ ಆಕ್ಷೇಪದಿಂದ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. 1971ರವರೆಗೂ ಅದಕ್ಕೆ ಬಾಗಿಲು ಮುಚ್ಚಿತ್ತು. ಸಿಂಗ್ ಎಲೆಕ್ಟ್ರಾನಿಕ್ ಯಂತ್ರದಲ್ಲಿ ಹುಡುಕಿಕೊಂಡದ್ದು ಆ ದಾರಿಯನ್ನೇ. ಕೆಳಗೆ 303 ಜಾರುತ್ತದೆ, ಮೇಲೆ ಜುಪಿಟರ್ ಜಾರುತ್ತದೆ. ಮತ್ತೆ ಮತ್ತೆ ಸುತ್ತುವ ಬೇಸ್, ಶ್ರುತಿ ಹಿಡಿದಿಡುವ ತಂಬೂರಿಯ ಕೆಲಸವನ್ನೂ ಮಾಡುತ್ತದೆ. ಶ್ರುತಿಸೂಕ್ಷ್ಮಗಳು ಈ ಯಂತ್ರಗಳಿಗೆ ಎಟುಕುವುದಿಲ್ಲ, ನಿಜ. ತೋಡಿಯ ಗಾಂಧಾರ ಗಾಯಕರ ಗಂಟಲಲ್ಲಿ ಪಡೆಯುವ ಆರ್ದ್ರತೆ ಇಲ್ಲಿಲ್ಲ. ಆದರೂ ರಾಗದ ನಡೆ ಎಲ್ಲೂ ಕೆಡುವುದಿಲ್ಲ.

ಮುಂದಿನ ಕಥೆ ವಿಚಿತ್ರ. ಕೊಳ್ಳುವವರಿಲ್ಲದ 303 ಪೆಟ್ಟಿಗೆಗಳು ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ ಮಾಲಾಗಿ ಅಗ್ಗಕ್ಕೆ ಸಿಗತೊಡಗಿದವು. ಶಿಕಾಗೋದ ಫ್ಯೂಚರ್ ಎಂಬ ತಂಡ ಅದರ ತಿರುಗುಗುಂಡಿಗಳನ್ನು ಮನಸ್ಸಿಗೆ ಬಂದಂತೆ ತಿರುಗಿಸಿ, ಕಿರುಚುವ, ಗುಳುಗುಳಿಸುವ ದನಿ ಹೊರಡಿಸಿ, 1987ರಲ್ಲಿ ‘ಆ್ಯಸಿಡ್ ಟ್ರ್ಯಾಕ್ಸ್’ ತಂದಿತು. ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತ ಅದರಿಂದ ಯುರೋಪಿನುದ್ದಕ್ಕೂ ಹಬ್ಬಿತು. 2002ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಡಚ್ ರೆಕಾರ್ಡು ಸಂಗ್ರಾಹಕ ಎಡೊ ಬೌಮನ್ ಅವರಿಗೆ ಸಿಂಗ್ ಅವರ ರೆಕಾರ್ಡು ಸಿಕ್ಕಿತು. 2010ರಲ್ಲಿ ಅವರ ಬಾಂಬೆ ಕನೆಕ್ಷನ್ ಸಂಸ್ಥೆ ಅದನ್ನು ಮರುಮುದ್ರಿಸಿದಾಗ, ಆ್ಯಸಿಡ್ ಹೌಸ್‌ಗೂ ಮೊದಲಿನ ರೆಕಾರ್ಡಿನಲ್ಲಿ ಅದರಂಥದೇ ದನಿ ಕೇಳಿದವರು ಕಿವಿಯನ್ನೇ ನಂಬಲಿಲ್ಲ. ಯಾರೋ ಈಗಿನವರು ಮಾಡಿದ ಕೀಟಲೆ ಎಂದೂ ಕೆಲವರು ಶಂಕಿಸಿದರು.

ಅಲ್ಲಿಂದ ಸಿಂಗ್ ‘ಆ್ಯಸಿಡ್ ಹೌಸ್ ಜನಕ’ ಆಗಿಬಿಟ್ಟರು. ಈ ಬಿರುದು ಅವರಿಗೆ ನ್ಯಾಯ ಮಾಡುವುದಿಲ್ಲ. ಶಿಕಾಗೋದ ಹುಡುಗರು ಅವರನ್ನು ಕೇಳಿದ್ದಕ್ಕೆ ಯಾವ ಆಧಾರವೂ ಇಲ್ಲ. 1983ರಲ್ಲೇ ಸ್ಕಾಟ್ಲೆಂಡಿನ ಆರೆಂಜ್ ಜ್ಯೂಸ್ ತಂಡದ ‘ರಿಪ್ ಇಟ್ ಅಪ್’ ಹಾಡಿನಲ್ಲಿ 303 ದನಿಗೂಡಿಸಿತ್ತು. ಮುಂಬೈಯಲ್ಲೂ ಶಿಕಾಗೋದಲ್ಲೂ ಒಂದೇ ಯಂತ್ರ ಒಂದೇ ಬಗೆಯಲ್ಲಿ ಜಾರಿತು, ಅಷ್ಟೆ. ಶಿಕಾಗೋದವರು ಯಂತ್ರವನ್ನು ಬೇಕೆಂದೇ ಕಟ್ಟುಬಿಚ್ಚಿ ಬಿಟ್ಟರು. ಸಿಂಗ್ ಅದನ್ನು ಆರೋಹಣ ಅವರೋಹಣಗಳ ಕಟ್ಟಿಗೆ ತಂದರು. ಎರಡನೆಯದು ಹೆಚ್ಚು ಕಷ್ಟದ ಕೆಲಸ, ಅದನ್ನು ಮೆಚ್ಚಲು ಯಾರ ಜನಕನೆಂಬ ಪಟ್ಟವೂ ಬೇಕಿಲ್ಲ.

ಮರುಮುದ್ರಣದ ನಂತರ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪಿನ ವೇದಿಕೆಗಳಲ್ಲಿ ಈ ರಾಗಗಳನ್ನು ನುಡಿಸಿದರು. 2015ರ ಜುಲೈನಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಕೇಳಲು ಹೊರಡುವ ಕನ್ನಡದ ಕಿವಿಗೆ ಮಾಲ್‌ಕೌಂಸ್ ಒಳ್ಳೆಯ ಬಾಗಿಲು. ನಮ್ಮ ಹಿಂದೋಳದ ಐದು ಸ್ವರಗಳೇ ಅಲ್ಲಿವೆ. ಬೈರಾಗಿಯಲ್ಲಿ ರೇವತಿಯ, ಭೂಪಾಲಿಯಲ್ಲಿ ಮೋಹನದ ಗುರುತು ತಾನೇ ಹತ್ತುತ್ತದೆ. ಲಲಿತವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಬೇಕು. ಪಂಚಮವಿಲ್ಲದ, ಎರಡು ಮಧ್ಯಮಗಳು ಒತ್ತಿಕೊಂಡೇ ಬರುವ ಆ ರಾಗ ಹಾಡುವವರಿಗೂ ಸುಲಭದ್ದಲ್ಲ. ಡಿಸ್ಕೊ ಏಟುಗಳ ನಡುವೆ ಅದನ್ನು ಹಿಡಿದು ನಿಲ್ಲಿಸಲು ಹೊರಟ ಧೈರ್ಯ ಎಂಥದೆಂದು ಆಗ ತಿಳಿಯುತ್ತದೆ.