ನ್ಯಾನೋ ಬೆಳ್ಳಿಯ ನೀರು ಕುಡಿದರೆ ಅಡ್ಡಪರಿಣಾಮ ಇಲ್ಲವೇ?

‘ನ್ಯಾನೋ ಬೆಳ್ಳಿಯ ನೀರು ಕುಡಿಯಿರಿ, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ, ಲ್ಯಾಬ್‌ನಲ್ಲಿ ಪರೀಕ್ಷೆ ಆಗಿದೆ’ ಎನ್ನುವಂಥ ಸಂದೇಶ ನಿಮಗೂ ಬಂದಿರಬಹುದು. ಲ್ಯಾಬ್ ಪರೀಕ್ಷೆ ಎಂದ ಮಾತ್ರಕ್ಕೆ ನಂಬಬಹುದೇ?

ಬೆಳ್ಳಿ ಲೋಟವೂ ನ್ಯಾನೋ ಬೆಳ್ಳಿಯೂ ಒಂದೇ ಅಲ್ಲ

ನ್ಯಾನೋ ಕಣಗಳ ಗಾತ್ರ ಸುಮಾರು 1ರಿಂದ 100 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ನ್ಯಾನೋಮೀಟರ್. ಬೆಳ್ಳಿಯನ್ನು ಇಷ್ಟು ಸಣ್ಣದು ಮಾಡಿದಾಗ ಅದರ ಮೇಲ್ಮೈ ಬಹಳ ಹೆಚ್ಚುತ್ತದೆ. ಆಗ ಬೆಳ್ಳಿಯ ಅಯಾನುಗಳು ಸುಲಭವಾಗಿ ಬಿಡುಗಡೆಯಾಗುತ್ತವೆ. ಇವು ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲವು, ನಮ್ಮ ಜೀವಕೋಶಗಳಿಗೂ ತೊಂದರೆ ಕೊಡಬಲ್ಲವು.

ಬದುಕಿದೆ ಎಂದರೆ ಆರೋಗ್ಯವಾಗಿದೆ ಎಂದಲ್ಲ

ಸರಳವಾದ ಪರೀಕ್ಷೆ ಹೀಗಿರುತ್ತದೆ: ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಕಣಗಳನ್ನು ಸೇರಿಸಿ, ಎಷ್ಟು ಕೋಶಗಳು ಉಳಿದವು ಎಂದು ನೋಡುವುದು. ಅಂಗಡಿಯ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ವ್ಯಾಪಾರ ಚೆನ್ನಾಗಿದೆ ಎನ್ನಲಾಗದು. ಲೆಕ್ಕದ ಪುಸ್ತಕ ನೋಡಬೇಕು. ಜೀವಕೋಶದ ಲೆಕ್ಕ ನೋಡುವ ವಿಧಾನವೇ ಮೆಟಬಲೋಮಿಕ್ಸ್.

ಕೋಶದೊಳಗೆ ಸಕ್ಕರೆ, ಅಮೈನೋ ಆಮ್ಲ, ಕೊಬ್ಬಿನಂಶ ಮುಂತಾದ ಸಣ್ಣ ಅಣುಗಳು ಸದಾ ತಯಾರಾಗುತ್ತ, ಖರ್ಚಾಗುತ್ತ ಇರುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್‌ನಂಥ ಯಂತ್ರದಿಂದ ಇಂಥ ನೂರಾರು ಅಣುಗಳನ್ನು ಒಟ್ಟಿಗೆ ಅಳೆಯಬಹುದು. ಉದಾಹರಣೆಗೆ, ಗ್ಲುಟಾಥಯೋನ್ ಕೋಶವನ್ನು ಕಾಯುವ ಅಣು. ಅದರಲ್ಲಿರುವ ಗಂಧಕಕ್ಕೆ ಬೆಳ್ಳಿಯ ಅಯಾನು ಅಂಟಿಕೊಳ್ಳುತ್ತದೆ. ದಾಸ್ತಾನು ಕಡಿಮೆಯಾದರೆ, ಕೋಶ ಸಾಯದಿದ್ದರೂ ಒತ್ತಡದಲ್ಲಿದೆ ಎಂದು ತಿಳಿಯುತ್ತದೆ.

ಹಾಗಾದರೆ ನ್ಯಾನೋ ಎಂದರೆ ವಿಷವೇ?

ಅದೂ ತಪ್ಪು. ಅಣುಗಳ ಲೆಕ್ಕ ಏರುಪೇರಾದರೆ ಅದು ಎಚ್ಚರಿಕೆಯ ಗಂಟೆ, ಕಾಯಿಲೆಯ ತೀರ್ಪಲ್ಲ. ಕೋಶ ಚೇತರಿಸಿಕೊಳ್ಳಲೂಬಹುದು. ತಟ್ಟೆಯಲ್ಲಿ ಕಂಡದ್ದೆಲ್ಲ ದೇಹದಲ್ಲಿ ಹಾಗೆಯೇ ಆಗಬೇಕೆಂದಿಲ್ಲ. ಸುಟ್ಟ ಗಾಯಕ್ಕೆ ವೈದ್ಯರು ಹಾಕುವ ಬೆಳ್ಳಿಯ ಪಟ್ಟಿಯೇ ಬೇರೆ, ದಿನವೂ ಕುಡಿಯುವುದೇ ಬೇರೆ.

ಕುಡಿಯುವ ವಿಚಾರದಲ್ಲಿ ಒಂದು ಅಪಾಯವಂತೂ ಖಚಿತ. ಬಹಳ ಕಾಲ ಬೆಳ್ಳಿ ಸೇವಿಸಿದರೆ ಅದು ಚರ್ಮದಲ್ಲಿ ಸೇರಿಕೊಂಡು ಮೈ ನೀಲಿ-ಬೂದು ಬಣ್ಣಕ್ಕೆ ತಿರುಗಬಹುದು. ಇದಕ್ಕೆ ಆರ್ಜಿರಿಯಾ ಎನ್ನುತ್ತಾರೆ. ಈ ಬಣ್ಣ ಸಾಮಾನ್ಯವಾಗಿ ಮತ್ತೆ ಹೋಗುವುದಿಲ್ಲ. ಚೀಟಿ ಇಲ್ಲದೆ ಮಾರುವ ಕೊಲಾಯ್ಡಲ್ ಬೆಳ್ಳಿಯ ಔಷಧಗಳು ಸುರಕ್ಷಿತ, ಪರಿಣಾಮಕಾರಿ ಎಂದು ಒಪ್ಪಲಾಗದು ಎಂದು ಅಮೆರಿಕದ ಎಫ್‌ಡಿಎ 1999ರಲ್ಲೇ ಹೇಳಿದೆ.

ಫಾರ್ವರ್ಡ್ ಮಾಡುವ ಮುನ್ನ ಕೇಳಿ

ಪರೀಕ್ಷೆ ನಡೆದದ್ದು ಕೋಶಗಳ ಮೇಲೋ, ಇಲಿಗಳ ಮೇಲೋ, ಮನುಷ್ಯರ ಮೇಲೋ? ಎಷ್ಟು ಪ್ರಮಾಣ? ಎಷ್ಟು ದಿನ? ನೋಡಿದ್ದು ಬರೀ ಸಾವನ್ನೋ, ಒಳಗಿನ ಬದಲಾವಣೆಯನ್ನೂ ನೋಡಿದರೋ? ಸಂದೇಶದಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ಮನೆಯಲ್ಲಿ ಯಾರಾದರೂ ಇಂಥ ನೀರು ಕುಡಿಯುತ್ತಿದ್ದರೆ ನಿಲ್ಲಿಸಲು ಹೇಳಿ, ವೈದ್ಯರಿಗೂ ತಿಳಿಸಿ.